ಯಾವ ವಾರ್ಡು ಬೇಡ?

ನಮ್ಮ ಮಠಗಳು ನಡೆಸುವ ನರ್ಸಿಂಗ್ ಕಾಲೇಜುಗಳು ನಾಡಿನ ಹಲವೆಡೆ ಇವೆ. ಬಹುಕಾಲದಿಂದ ನರ್ಸಿಂಗ್ ಪಾಠ ಹೇಳುತ್ತಿರುವ ನಾನು ಶರಣ ಬಂಧುಗಳ ಮುಂದೆ ಒಂದು ಮಾತು ಇಡಬೇಕೆಂದಿದ್ದೇನೆ. ನಾಲ್ಕು ವರ್ಷದ ಬಿ.ಎಸ್ಸಿ. ಮುಗಿಯುವ ಹೊತ್ತಿಗೆ ‘ಮುಂದೆ ಯಾವ ವಿಭಾಗ?’ ಎಂದು ಕೇಳಿದರೆ ಬಹುತೇಕ ಕೈಗಳು ಐಸಿಯು, ಆಪರೇಷನ್ ಥಿಯೇಟರ್, ತುರ್ತು ಚಿಕಿತ್ಸೆಗೇ ಏಳುತ್ತವೆ. ಹೆರಿಗೆ ವಾರ್ಡು, ವೃದ್ಧರ ಆರೈಕೆ, ಮಾನಸಿಕ ಆರೋಗ್ಯ, ಸಾವಿನಂಚಿನವರ ಉಪಶಾಮಕ ಆರೈಕೆ ಎಂದಾಗ ತಲೆಗಳು ತಗ್ಗುತ್ತವೆ.

ಮಕ್ಕಳನ್ನು ದೂರುವ ಮೊದಲು ಒಂದು ಮಾತು. ಗಲ್ಫ್ ದೇಶಗಳ ನೇಮಕಾತಿಯಲ್ಲಿ ಐಸಿಯು, ಥಿಯೇಟರ್ ಅನುಭವಕ್ಕೆ ಬೆಲೆಯಿದೆ. ಸಾಲ ಮಾಡಿ ಓದಿಸಿದ ರೈತನ ಮಗಳು ಸಂಬಳ ನೋಡಬಾರದು ಎನ್ನುವ ಹಕ್ಕು ಯಾರಿಗೂ ಇಲ್ಲ. (ಕಾಯಕದ ಹೆಸರು ಹೇಳಿ ನರ್ಸುಗಳಿಗೆ ಪುಡಿಗಾಸು ಕೊಡುವವರ ವಿಚಾರ ಇನ್ನೊಮ್ಮೆ ಬರೆಯುತ್ತೇನೆ.)

ಆದರೆ ಎಲ್ಲವೂ ಸಂಬಳದ ಲೆಕ್ಕವಲ್ಲ. ಮಲಮೂತ್ರ ಬಳಿಯುವ ಕೆಲಸ ಐಸಿಯುನಲ್ಲೂ ಇದೆ. ಪಕ್ಕದಲ್ಲಿ ವೆಂಟಿಲೇಟರ್ ಇದ್ದರೆ ಅದು ಗೌರವದ ಕೆಲಸ, ಮುದುಕಿಯ ಮಂಚದ ಬಳಿ ಅದೇ ಆಯಾ ಕೆಲಸ! ಹೆರಿಗೆ ವಾರ್ಡಿನಿಂದ ಬಂದವಳು ಸ್ನಾನ ಮಾಡಿಯೇ ಒಳಗೆ ಬರಲಿ ಎನ್ನುವ ಮನೆಗಳು ಇನ್ನೂ ಇವೆ. ಸೋಂಕಿನ ಎಚ್ಚರವಾದರೆ ಒಪ್ಪೋಣ. ಆದರೆ ಸೋಂಕು ಐಸಿಯುನಲ್ಲೂ ಕಡಿಮೆಯಿಲ್ಲ, ಅಲ್ಲಿಂದ ಬಂದವಳಿಗೆ ಅದೇ ಮನೆಯವರು ಈ ಮಾತು ಹೇಳುವುದಿಲ್ಲ.

ಶರಣರು ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಐದೂ ಸೂತಕಗಳನ್ನು ತಳ್ಳಿಹಾಕಿದರು. ನರ್ಸಿನ ದಿನ ಕಳೆಯುವುದೇ ಮೊದಲ ನಾಲ್ಕರ ನಡುವೆ, ಮಂಚದ ಮೇಲಿರುವವರ ಜಾತಿ ಕೇಳುವಂತೆಯೇ ಇಲ್ಲ. ನಮ್ಮ ಮಕ್ಕಳು ಬೇಡವೆನ್ನುವ ವಾರ್ಡುಗಳ ಪಟ್ಟಿಯನ್ನು ಈ ಐದರ ಪಕ್ಕದಲ್ಲಿಟ್ಟು ನೋಡಿ. ಇಷ್ಟಲಿಂಗ ಕಟ್ಟಿಕೊಂಡ ಮನೆಗಳಲ್ಲೂ ಸೂತಕ ಎಲ್ಲಿ ಉಳಿದಿದೆ ಎಂಬುದು ಕಾಣುತ್ತದೆ. ಮಾನಸಿಕ ಆರೋಗ್ಯ ಆ ಐದರಲ್ಲಿಲ್ಲ. ಅದು ನಾವೇ ಸೇರಿಸಿಕೊಂಡ ಆರನೆಯದು.

ಮನೋರೋಗ ವಿಭಾಗದ ತರಬೇತಿಗೆ ಮಕ್ಕಳು ಹೆದರಿಯೇ ಹೋಗುತ್ತಾರೆ. ಎರಡನೆಯ ವಾರದ ಹೊತ್ತಿಗೆ ರೋಗಿಗಳ ಜೊತೆ ಕೇರಂ ಆಡುತ್ತಿರುತ್ತಾರೆ, ಅವರ ಊರು, ಮನೆಯ ಕಥೆ ಕೇಳುತ್ತಿರುತ್ತಾರೆ. ಭಯ ಹೋಗಿರುತ್ತದೆ. ಆದರೂ ಆಯ್ಕೆಯ ದಿನ ಆ ವಿಭಾಗದ ಹೆಸರು ಬರುವುದಿಲ್ಲ. ‘ಹುಚ್ಚಾಸ್ಪತ್ರೆ ನರ್ಸ್ ಅಂದರೆ ಯಾವ ಗಂಡು ಬರುತ್ತಾನೆ?’ ಎಂದು ಮನೆಯಲ್ಲಿ ಕೇಳಿರುತ್ತಾರೆ. ಮನೋರೋಗದ ಶುಶ್ರೂಷೆ ಕಲಿಸುವ ನಿಮ್ಹಾನ್ಸ್ ನಮ್ಮ ಬೆಂಗಳೂರಿನಲ್ಲೇ ಇದೆ. ಅದು ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗವೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಅಂಥ ನಾಡಿನಲ್ಲಿ ಈ ಮಾತು!

ಗಂಡುಮಕ್ಕಳದು ಇನ್ನೊಂದು ಕಥೆ. ಮನೋರೋಗ ವಿಭಾಗಕ್ಕೆ ‘ತೋಳ್ಬಲ ಬೇಕು’ ಎಂದು ಅವರನ್ನು ತಳ್ಳುತ್ತಾರೆ. ಅದೂ ಆ ರೋಗಿಗಳಿಗೆ ಮಾಡುವ ಅವಮಾನವೇ.

ಪಾಲಕರ ಮಾತು ಬದಲಾಗದೆ ಮಕ್ಕಳ ಆಯ್ಕೆ ಬದಲಾಗದು, ಪಾಲಕರು ಮಠದ ಮಾತು ಕೇಳುತ್ತಾರೆ. ಶಿವಾನುಭವ ಗೋಷ್ಠಿಗೆ ಹೃದ್ರೋಗ ತಜ್ಞರನ್ನು ಕರೆದು ಶಾಲು ಹೊದಿಸುವುದು ನಮಗೆ ರೂಢಿ. ಪೂಜ್ಯರಲ್ಲಿ ನನ್ನ ಬಿನ್ನಹವಿಷ್ಟೆ: ಮುಂದಿನ ಗೋಷ್ಠಿಗೆ ತಾಲ್ಲೂಕು ಆಸ್ಪತ್ರೆಯ ಹೆರಿಗೆ ವಾರ್ಡಿನ ಹಿರಿಯ ನರ್ಸೊಬ್ಬರನ್ನು, ಅದರ ಮುಂದಿನದಕ್ಕೆ ಬೆಂಗಳೂರಿನ ಕರುಣಾಶ್ರಯದಂಥ ಕಡೆ ಸಾಯುವವರ ಕೈ ಹಿಡಿದು ಕೂತಿರುವ ನರ್ಸೊಬ್ಬರನ್ನು ಕರೆಯಿಸಿ. ಅವರು ತಮ್ಮ ಕೆಲಸದ ಬಗ್ಗೆ ಒಂದು ಗಂಟೆ ಮಾತಾಡಲಿ. ಮುಂದಿನ ಸಾಲಿನಲ್ಲಿ ಪಾಲಕರನ್ನು ಕೂರಿಸಿ.