ಊರ ಬಯಲಿನ ಆಟ

ಚಿಣಿಫಣಿಯಾಡಿದ ರಟ್ಟೀಹಳ್ಳಿಯ ಮಕ್ಕಳಿಗೆ ಗಾಲ್ಫ್ ಆಟದ ಮರ್ಮವನ್ನು ತಿಳಿಸುವದು ಕಠಿಣವಲ್ಲ. ಚಿಣಿಯನ್ನು ಕುಣಿಯಿಂದ ಹಾರಿಸುವರು. ಗಾಲ್ಫಿನಲ್ಲಿ ಚೆಂಡನ್ನು ಕೋಲಿನಿಂದ ಹೊಡೆಯುತ್ತ ನಡೆದು ದೂರದ ಕುಣಿಗೆ ಸೇರಿಸುವರು. ಹದಿನೆಂಟು ಕುಣಿಗಳನ್ನು ಅತಿ ಕಡಿಮೆ ಹೊಡೆತಗಳಲ್ಲಿ ಮುಗಿಸಿದವರೇ ಗೆದ್ದವರು.

ಇದು ಸಿರಿವಂತರ ವಿಲಾಸವೆಂದು ವಾಚಕರು ಎಣಿಸುವದು ಸಹಜ. ಬೆಂಗಳೂರಿನ ಗಾಲ್ಫ್ ಕ್ಲಬ್ಬನ್ನು 1876ರಲ್ಲಿ ಸ್ಥಾಪಿಸಿದವರು ಆಂಗ್ಲರೇ. ಆದರೆ ಈ ಆಟದ ತವರೆನಿಸಿದ ಸ್ಕಾಟ್ಲಂಡದ ಸೇಂಟ್ ಆ್ಯಂಡ್ರೂಸ್ ಊರಿನ ಹಳೆಯ ಮೈದಾನವು ಸಾರ್ವಜನಿಕರದು. ಅಲ್ಲಿ ಆಡುವ ಊರವರ ಹಕ್ಕು 1552ರ ಸನದಿನಲ್ಲಿಯೇ ದಾಖಲಾಗಿದೆ. ಮುಂದೆ ಸಾಲದಲ್ಲಿ ಮುಳುಗಿದ ಊರ ಆಡಳಿತವು 1797ರಲ್ಲಿ ಆ ಬಯಲನ್ನು ಮಾರಿಬಿಟ್ಟಿತು. ಅದು ಮೊಲ ಸಾಕುವ ವ್ಯಾಪಾರಿಗಳ ಕೈ ಸೇರಿ, ಮೈದಾನವೆಲ್ಲ ಬಿಲಗಳಾದವು. ಆಟಗಾರರು ಬಹುಕಾಲ ವ್ಯಾಜ್ಯ ಹೂಡಿ ಹೋರಾಡಿದರು. ಕೊನೆಗೆ 1821ರಲ್ಲಿ ಜೇಮ್ಸ್ ಚೀಪ್ ಎಂಬ ಜಮೀನುದಾರನು ಅದನ್ನು ಕೊಂಡು ಆಟಕ್ಕಾಗಿ ಉಳಿಸಿದನು. 1894ರ ಕಾಯಿದೆಯಿಂದ ಅದು ಮತ್ತೆ ಊರಿನದಾಯಿತು. ಇಂದಿಗೂ ಪರಸ್ಥಳದವರು ಶುಲ್ಕ ತೆತ್ತು, ಚೀಟಿ ಎತ್ತುವಾಗ ಹೆಸರು ಬಂದರೆ ಅಲ್ಲಿ ಆಡಬಹುದು. ರವಿವಾರ ಸಾಮಾನ್ಯವಾಗಿ ಆಟವಿಲ್ಲ. ಅಂದು ಊರವರು ಮಕ್ಕಳೊಡನೆ ಅಲ್ಲಿ ಅಡ್ಡಾಡುವರು.

ಎಲ್ಲರಿಗೂ ತೆರೆದಿದೆಯೆಂದ ಮಾತ್ರಕ್ಕೆ ಮೈದಾನವು ಸುಲಭವಲ್ಲ. ಕಡಲಗಾಳಿ ಚೆಂಡನ್ನು ದಾರಿ ತಪ್ಪಿಸುವದು. ನೂರಕ್ಕೂ ಮಿಕ್ಕಿದ ಮರಳುಗುಂಡಿಗಳಿವೆ. ಅವುಗಳಲ್ಲೊಂದರ ಹೆಸರೇ ‘ನರಕ’. 1978ರಲ್ಲಿ ಜಪಾನದ ನಾಕಾಜಿಮಾ ಎಂಬ ನಿಪುಣನು ಹದಿನೇಳನೆಯ ಕುಣಿಯ ಬಳಿಯ ಗುಂಡಿಯಲ್ಲಿ ಸಿಕ್ಕಿ, ಆ ಒಂದೇ ಕುಣಿಗೆ ಒಂಬತ್ತು ಹೊಡೆತ ತೆತ್ತನು. 1921ರಲ್ಲಿ ಅಮೇರಿಕೆಯ ತರುಣ ಬಾಬಿ ಜೋನ್ಸನು ಹನ್ನೊಂದನೆಯ ಕುಣಿಯಲ್ಲಿ ಬೇಸತ್ತು ಸ್ಪರ್ಧೆಯನ್ನೇ ಬಿಟ್ಟನು. ಆರು ವರ್ಷಗಳ ತರುವಾಯ ಅದೇ ಮೈದಾನದಲ್ಲಿ ಗೆದ್ದನು. ಸೋತು ಹೋದವನನ್ನು ಗೆಲ್ಲಲು ಮರಳಿ ಬರಗೊಡುವ ನೆಲವಿದ್ದುದರಿಂದಲೇ ಇದು ಸಾಧ್ಯವಾಯಿತು.

ನಮ್ಮ ಬೆಂಗಳೂರಿನ ಅದಿತಿ ಅಶೋಕ 2021ರಲ್ಲಿ ಟೋಕಿಯೋ ಒಲಿಂಪಿಕ್ಸಿನಲ್ಲಿ ಈ ಆಟದಲ್ಲಿಯೇ ನಾಲ್ಕನೆಯವಳಾದಳು. ಅವಳ ಕೋಲುಚೀಲವನ್ನು ಹೊತ್ತು ನಡೆದವಳು ಹೆತ್ತ ತಾಯಿ. ಅಂಥ ತಾಯ್ತಂದೆಗಳು ಕುಮುದ್ವತಿಯ ದಂಡೆಯಲ್ಲಿಯೂ ಇಲ್ಲದಿಲ್ಲ. ಆದರೆ ಮಕ್ಕಳು ಓಡಿ, ಬಿದ್ದು, ಮತ್ತೆ ಏಳುವದಕ್ಕೆ ಬಯಲು ಬೇಕು. ಅದು ಗಾಲ್ಫಿನದೇ ಆಗಬೇಕೆಂದಿಲ್ಲ, ಚಿಣಿಫಣಿಯದಾದರೂ ಸಾಕು. ಊರ ಬಯಲನ್ನು ಮಾರುವ ಇಲ್ಲವೆ ಒತ್ತುವ ಮಾತು ಬಂದಾಗ ಗೃಹಸ್ಥರು ಸುಮ್ಮನಿರಬಾರದು. ಮಾರುವದಕ್ಕೆ ಒಂದು ದಿನ ಸಾಕು. ಮರಳಿ ಪಡೆಯಲು ಸೇಂಟ್ ಆ್ಯಂಡ್ರೂಸಿಗೆ ಸುಮಾರು ನೂರು ವರ್ಷ ಬೇಕಾಯಿತು.