ಸಣ್ಣ ತೂತು, ದೊಡ್ಡ ಬೋರ್ಡು

ವಿದ್ಯಾನಗರದಲ್ಲಿ ಕಿಮ್ಸ್ ಸುತ್ತಮುತ್ತ ಒಂದು ಸುತ್ತು ಹೊಡೆದು ಬರ್ರಿ. ಆಸ್ಪತ್ರೆ ಬೋರ್ಡುಗಳಿಗೆ ಬರ ಇಲ್ಲ. ಲ್ಯಾಪ್ರೋಸ್ಕೋಪಿ, ಕೀಹೋಲ್, ಸಣ್ಣ ಗಾಯ, ಬೇಗ ಮನೆಗೆ. ಒಂದೇ ಒಂದು ಅಂಕಿ ಮಾತ್ರ ಎಲ್ಲೂ ಕಾಣಲ್ಲ: ಹೋದ ವರ್ಷ ಇಲ್ಲಿ ಆಪರೇಷನ್ ಆದವರಲ್ಲಿ ಎಷ್ಟು ಮಂದಿಗೆ 30 ದಿನದೊಳಗೆ ಸೋಂಕಾಯಿತು?

ನಮ್ಮೂರ ಮಂದಿ ಲೆಕ್ಕ ಸರಳ. ತೂತು ಸಣ್ಣದಾದ್ರ ಅಪಾಯನೂ ಸಣ್ಣದು. ಗುದನಾಳದ ಕ್ಯಾನ್ಸರಿನಲ್ಲಿ ಈ ಲೆಕ್ಕ ತಪ್ಪುತ್ತದೆ. ಹೊರಗೆ ನಾಲ್ಕೈದು ತೂತು ಇರಬಹುದು, ಒಳಗೆ ಮಾಡುವ ಕೆಲಸ ಅಷ್ಟೇ ದೊಡ್ಡದು. ಗಡ್ಡೆ ಇರುವ ತುಂಡು ತೆಗೆದು, ಉಳಿದ ಎರಡು ತುದಿ ಜೋಡಿಸಬೇಕು. ಆ ಜೋಡಣೆ ಸೋರಿದರೆ ಮಲ ಹೊಟ್ಟೆಯೊಳಗೆ ಹರಡಿ ಜೀವಕ್ಕೇ ಕುತ್ತು. ಅದಕ್ಕೇ ಎಷ್ಟೋ ಮಂದಿಗೆ ಕೆಲ ತಿಂಗಳು ಹೊಟ್ಟೆ ಮೇಲೆ ಚೀಲ ಇಡುತ್ತಾರೆ.

ಎಂಟು ದೇಶಗಳ 30 ಆಸ್ಪತ್ರೆಗಳಲ್ಲಿ ಸಾವಿರಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದ ‘ಕಲರ್ 2’ ಅಧ್ಯಯನದ ಮೊದಲ ಫಲಿತಾಂಶ 2013ರಲ್ಲಿ ಬಂತು. ಕೀಹೋಲ್‌ನಲ್ಲಿ ರಕ್ತ ಕಡಿಮೆ ಹೋಯಿತು, ಆಸ್ಪತ್ರೆವಾಸ ಒಂದು ದಿನ ತಗ್ಗಿತು. ಒಳ್ಳೇದು. ಆದರೆ ಗಾಯದ ಸೋಂಕು ನೂರಕ್ಕೆ 4, ಹೊಟ್ಟೆ ಕೊಯ್ದವರಲ್ಲಿ 5. ಕರುಳು ಜೋಡಿಸಿದವರಲ್ಲಿ ಸೋರಿಕೆ ನೂರಕ್ಕೆ 13, ಕೊಯ್ದವರಲ್ಲಿ 10. ಹೆಚ್ಚುಕಡಿಮೆ ಎರಡೂ ಒಂದೇ. ಬೋರ್ಡಿನ ಮೇಲೆ ಒಂದು ದಿನದ ಉಳಿತಾಯ ಮಾತ್ರ ಏರಿತು, ಸೋರಿಕೆ ಏರಲಿಲ್ಲ.

ಇನ್ನು ಉಪಕರಣದ ಮಾತು. ಕೆಲವು ಕೀಹೋಲ್ ಉಪಕರಣಗಳು ಬಿಸಿ ಹಬೆ ತಾಳಲ್ಲ, ಗ್ಲುಟರಾಲ್ಡಿಹೈಡ್ ದ್ರಾವಣದಲ್ಲಿ ಅದ್ದುತ್ತಾರೆ. ಇಪ್ಪತ್ತು ನಿಮಿಷ ಅದ್ದಿದರೆ ಬಹುಪಾಲು ಕ್ರಿಮಿ ಸಾಯುತ್ತವೆ, ಎಲ್ಲವೂ ಸಾಯಲು ಹತ್ತು ತಾಸಾದರೂ ಬೇಕು. ಆಮೇಲೆ ತೊಳೆಯುವ ನೀರೇ ಕೆಟ್ಟಿದ್ದರೆ ಮುಗೀತು. ಕ್ಷಯದ ಕ್ರಿಮಿಯ ದಾಯಾದಿಗಳು ತೂತಿನ ಜಾಗದಲ್ಲಿ ಸೇರಿ, ವಾರಗಳ ನಂತರ ಗಂಟಾಗಿ ಕೀವು ಸುರಿಸುತ್ತವೆ. ಮಾಮೂಲಿ ಆ್ಯಂಟಿಬಯಾಟಿಕ್ ನಾಟಲ್ಲ. ಭಾರತದ ವೈದ್ಯರೇ ಇಂಥ ಪ್ರಕರಣಗಳನ್ನು ಮತ್ತೆ ಮತ್ತೆ ಬರೆದಿದ್ದಾರೆ.

ಈಗ ಹೇಳ್ರಿ, ಬೇಗ ಮನೆಗೆ ಅಂತ ಕಲಘಟಗಿ ಬಸ್ ಹತ್ತಿದ ಕಾಕಾಗೆ ಮನೆಯಾಗ ಜ್ವರ ಬಂದು, ಊರ ಡಾಕ್ಟರು ಜ್ವರದ ಗುಳಿಗಿ ಕೊಟ್ಟರೆ, ಅದು ಯಾರ ಲೆಕ್ಕ? ಆಪರೇಷನ್ ಮಾಡಿದವರ ದಾಖಲೆಯಲ್ಲಿ ಅವರು ‘ಗುಣಮುಖ’.

ನಾನು ಸಾಫ್ಟ್‌ವೇರ್ ಮಾಡವ. ನಮ್ಮಲ್ಲಿ ಕೋಡ್ ಬಿಟ್ಟ ಮೇಲೆ ಏನು ಕೆಟ್ಟಿತು ಅನ್ನೋದಕ್ಕೆ ಒಂದೊಂದು ಟಿಕೆಟ್ ಇರ್ತದೆ. ಒಂದು ಆ್ಯಪ್‌ಗೆ ಇರೋ ಮರ್ಯಾದೆ ಒಂದು ಕರುಳಿಗೆ ಬೇಡವೇನ್ರಿ?

ಕರ್ನಾಟಕದ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ದರಪಟ್ಟಿ ಹಚ್ಚಬೇಕು ಅನ್ನುತ್ತದೆ. ಅಂದರೆ ಬಿಲ್ ಎಷ್ಟು ಅಂತ ತಿಳಿಯುವುದು ಹಕ್ಕು. ಅಮೆರಿಕದಲ್ಲಿ ದೊಡ್ಡ ಕರುಳಿನ ಶಸ್ತ್ರಚಿಕಿತ್ಸೆಯ ನಂತರದ ಸೋಂಕಿನ ಲೆಕ್ಕವನ್ನು ಆಸ್ಪತ್ರೆಯ ಹೆಸರು ಹಾಕಿಯೇ ಜನರ ಮುಂದಿಡುತ್ತಾರೆ.

ಕಷ್ಟದ ರೋಗಿಗಳನ್ನು ತಗೊಳ್ಳೋ ಆಸ್ಪತ್ರೆ ಹೆಸರು ಕೆಡ್ತದೆ ಅಂತ ವೈದ್ಯರು ಹೇಳುತ್ತಾರೆ. ಮಾತಿನಲ್ಲಿ ನ್ಯಾಯ ಇದೆ. ಹಾಗಾದರೆ ಸಕ್ಕರೆ ಕಾಯಿಲೆ ಎಷ್ಟು ಮಂದಿಗಿತ್ತು, ಮೊದಲೇ ರೇಡಿಯೇಷನ್ ಆದವರೆಷ್ಟು, ಅದನ್ನೂ ಜೊತೆಗೇ ಬರೆಯಲಿ. ಸುತ್ತಲ ಜಿಲ್ಲೆಗಳ ಬಡವರೆಲ್ಲ ಬಂದು ಸೇರುವ ಸರ್ಕಾರಿ ಬೋಧನಾ ಆಸ್ಪತ್ರೆಗಳಿಂದಲೇ ಶುರುವಾಗಲಿ. ಮೂವತ್ತನೇ ದಿನ ಒಂದು ಫೋನ್ ಮಾಡಿ, ಜ್ವರ ಬಂತಾ, ಕೀವು ಬಂತಾ ಅಂತ ಕೇಳಲು ಒಬ್ಬ ನರ್ಸ್, ಒಂದು ವಹಿ ಸಾಕು.

ಅಲ್ಲೀತನಕ ನೀವೇ ಕೇಳ್ರಿ. ಸಹಿ ಹಾಕುವ ಮುಂಚೆ ಮೂರು ಪ್ರಶ್ನೆ: ಹೋದ ವರ್ಷ ಇಂಥ ಆಪರೇಷನ್ ಎಷ್ಟು ಮಾಡಿದ್ರಿ? ಎಷ್ಟು ಸೋರಿದವು? ಮನೆಗೆ ಹೋದ ಮೇಲೆ ರಾತ್ರಿ ಜ್ವರ ಬಂದ್ರ ಯಾರಿಗೆ ಫೋನ್ ಮಾಡಬೇಕು?