ಬರೆಸಿಕೊಂಡವರಿಗೂ ಪುಟ ಕೊಡುವ ಪತ್ರಿಕೆ ಬೇಕು

ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ಮಾನ್ಯ ಸಂಶೋಧನಾ ಪತ್ರಿಕೆಗಳ ತನ್ನ ‘ಕೇರ್’ ಪಟ್ಟಿಯನ್ನು 2025ರ ಫೆಬ್ರವರಿಯಲ್ಲಿ ಕೈಬಿಟ್ಟಿತು. ಯಾವ ಸಂಶೋಧನಾ ಪತ್ರಿಕೆಗೆ ಬೆಲೆ ಕೊಡಬೇಕು ಎಂಬುದನ್ನು ಇನ್ನು ಮುಂದೆ ಆಯಾ ವಿಶ್ವವಿದ್ಯಾಲಯಗಳೇ ತೀರ್ಮಾನಿಸಬೇಕು. ಆ ಸುದ್ದಿ ಬಂದ ಮೇಲೆ ಅಧ್ಯಾಪಕರ ನಡುವೆ ಆದ ಮಾತೆಲ್ಲ ಬಡ್ತಿಯ ಅಂಕಗಳದ್ದು. ಇಂಥ ಪತ್ರಿಕೆ ಯಾತಕ್ಕಾಗಿ ಇರಬೇಕು, ಯಾರಿಗಾಗಿ ಇರಬೇಕು ಎಂದು ಕೇಳಿದವರು ಕಡಿಮೆ. ಚಾಮರಾಜನಗರ ಜಿಲ್ಲೆಯಲ್ಲಿ ಸಮಾಜಶಾಸ್ತ್ರ ಪಾಠ ಮಾಡುವ ನಾನು ಆ ಪ್ರಶ್ನೆಯನ್ನು ರಾಂಚಿಯ ಒಬ್ಬ ವಕೀಲರಿಂದ ಶುರು ಮಾಡುತ್ತೇನೆ.

ಶರತ್‌ಚಂದ್ರ ರಾಯ್ 1871ರಲ್ಲಿ ಹುಟ್ಟಿದ ಬಂಗಾಳಿ. ಮಿಷನ್ ಶಾಲೆಯಲ್ಲಿ ಪಾಠ ಹೇಳಲು ರಾಂಚಿಗೆ ಬಂದವರು ಆಮೇಲೆ ಅಲ್ಲಿಯೇ ವಕೀಲಿಗೆ ನಿಂತರು. ನೆಲಕ್ಕಾಗಿ ದಂಗೆಯೆದ್ದ ಬಿರ್ಸಾ ಮುಂಡಾ 1900ರಲ್ಲಿ ಪ್ರಾಣ ಬಿಟ್ಟದ್ದು ಅದೇ ಊರಿನ ಜೈಲಿನಲ್ಲಿ. ಅಲ್ಲಿನ ಆದಿವಾಸಿಗಳಾದ ಮುಂಡರೂ ಓರಾಂವರೂ ಜಮೀನಿನ ವ್ಯಾಜ್ಯ ಹೊತ್ತು ಕೋರ್ಟಿಗೆ ಬರುತ್ತಿದ್ದರು. ಕಾಡು ಕಡಿದು ಮೊದಲು ಹೊಲ ಮಾಡಿದ ವಂಶಕ್ಕೆ ಆ ನೆಲ ಸೇರಬೇಕು ಎಂಬುದು ಮುಂಡರ ಖೂಂಟ್‌ಕಟ್ಟಿ ಕಟ್ಟಳೆ. ಊರಾಚೆ ಹಿರಿಯರ ಮೂಳೆಗಳ ಮೇಲೆ ಹಾಸಿದ ಚಪ್ಪಡಿ ಕಲ್ಲೇ ಅವರಿಗೆ ಪಟ್ಟಾ. ಜಮೀನ್ದಾರನ ಬಳಿ ಕಾಗದ ಇರುತ್ತಿತ್ತು, ನ್ಯಾಯಾಧೀಶರಿಗೆ ಓದಲು ಬರುತ್ತಿದ್ದುದು ಕಾಗದ ಮಾತ್ರ. ಕಕ್ಷಿದಾರನ ಭಾಷೆ, ಅವನ ಊರಿನ ಕಟ್ಟಳೆ ಎರಡೂ ಗೊತ್ತಿಲ್ಲದ ಕಡೆ ನ್ಯಾಯ ಸಿಗದು ಎಂಬುದು ರಾಯ್‌ಗೆ ಮನದಟ್ಟಾಯಿತು. ಅವರ ಮಾನವಶಾಸ್ತ್ರ ಹುಟ್ಟಿದ್ದು ಅಲ್ಲಿ. ಮುಂಡರ ಬಗ್ಗೆ ಅವರ ಪುಸ್ತಕ ಬಂದದ್ದು 1912ರಲ್ಲಿ, ಓರಾಂವರದು 1915ರಲ್ಲಿ.

1921ರಲ್ಲಿ ಅವರು ‘ಮ್ಯಾನ್ ಇನ್ ಇಂಡಿಯಾ’ ತ್ರೈಮಾಸಿಕ ಆರಂಭಿಸಿದರು. ಕಲ್ಕತ್ತಾ ವಿಶ್ವವಿದ್ಯಾಲಯದಲ್ಲಿ ಮಾನವಶಾಸ್ತ್ರದ ಪಾಠ ಆಗಷ್ಟೇ ಮೊದಲಾಗಿತ್ತು. ನಂಜುಂಡಯ್ಯನವರು ಅರ್ಧಕ್ಕೆ ಬಿಟ್ಟು ಹೋದ ಮೈಸೂರಿನ ಬುಡಕಟ್ಟು ಮತ್ತು ಜಾತಿಗಳ ಸಂಪುಟಗಳನ್ನು ಮುಂದೆ ಮುಗಿಸಲಿದ್ದ ಅನಂತಕೃಷ್ಣ ಅಯ್ಯರ್ ಅಲ್ಲಿ ಪಾಠ ಹೇಳುತ್ತಿದ್ದರು. ಆದರೂ ಪತ್ರಿಕೆ ಹೊರಟದ್ದು ವಿಶ್ವವಿದ್ಯಾಲಯವೇ ಇಲ್ಲದ ರಾಂಚಿಯಿಂದ, ಅಧ್ಯಯನಕ್ಕೆ ಒಳಗಾದ ಜನರ ನಡುವಿನಿಂದ. ನನಗೆ ಇದು ಬಹಳ ದೊಡ್ಡ ಸಂಗತಿ.

ರಾಯ್ 1942ರಲ್ಲಿ ತೀರಿಕೊಂಡ ಮೇಲೆ ವೆರಿಯರ್ ಎಲ್ವಿನ್ ಮತ್ತು ಡಬ್ಲ್ಯು. ಜಿ. ಆರ್ಚರ್ ಸಂಪಾದಕರಾದರು. ಎಲ್ವಿನ್ ಗೊಂಡರ ನಡುವೆ ಮನೆ ಮಾಡಿಕೊಂಡಿದ್ದವರು, ಆರ್ಚರ್ ಐಸಿಎಸ್ ಅಧಿಕಾರಿ. ಇವರಿಬ್ಬರ ಕಾಲದಲ್ಲಿ, 1945ರಲ್ಲಿ, ಆದಿವಾಸಿ ದಂಗೆಗಳಿಗೇ ಮೀಸಲಾದ ಸಂಚಿಕೆಯೊಂದು ಬಂತು. ಬ್ರಿಟಿಷ್ ಆಳ್ವಿಕೆ ಇನ್ನೂ ಇದ್ದಾಗ, ಅದೇ ಸರ್ಕಾರದ ಅಧಿಕಾರಿಯೊಬ್ಬರು ಸಂಪಾದಕರಾಗಿದ್ದಾಗ! ಸಂಪಾದಕನ ಕೆಲಸ ಬಂದ ಲೇಖನಗಳಿಗೆ ಪುಟಸಂಖ್ಯೆ ಹಾಕುವುದಲ್ಲ ಎಂದು ನಾನು ನಂಬುವುದು ಇಂಥ ಸಂಚಿಕೆಗಳಿಂದ. 1951ರಿಂದ 1972ರವರೆಗೆ ಪತ್ರಿಕೆಯನ್ನು ನೋಡಿಕೊಂಡವರು ನಿರ್ಮಲ್ ಕುಮಾರ್ ಬೋಸ್, ನವಖಾಲಿಯಲ್ಲಿ ಗಾಂಧೀಜಿಯ ಜೊತೆಗಿದ್ದವರು.

ಇನ್ನು ನಮ್ಮ ಕಡೆಯ ಮಾತು. ಬಿಳಿಗಿರಿರಂಗನಬೆಟ್ಟದ ಸೋಲಿಗ ಆದಿವಾಸಿಗಳ ಪೋಡಿನಿಂದ (ಹಾಡಿಯಿಂದ) ಬರುತ್ತಿದ್ದ ನನ್ನ ವಿದ್ಯಾರ್ಥಿಯೊಬ್ಬ ತರಗು ಬೆಂಕಿಯ ಮೇಲೆ ಲೇಖನ ಬರೆದ. ಬೇಸಿಗೆ ಏರುವ ಮೊದಲೇ ಸೋಲಿಗರು ನೆಲದ ತರಗೆಲೆಗೆ ಬೆಂಕಿ ಕೊಡುತ್ತಿದ್ದರು. ಎಲೆ ಇನ್ನೂ ಪೂರ್ತಿ ಒಣಗಿರದ ಕಾರಣ ಬೆಂಕಿ ಮೊಣಕಾಲು ದಾಟುತ್ತಿರಲಿಲ್ಲ, ಮಳೆ ಬಿದ್ದರೆ ಹೊಸ ಹುಲ್ಲು. 1974ರಲ್ಲಿ ಆ ಕಾಡು ವನ್ಯಧಾಮವಾದ ಮೇಲೆ ಈ ಪದ್ಧತಿ ನಿಂತುಹೋಯಿತು. ಅದು ನಿಂತದ್ದರಿಂದಲೇ ಲಂಟಾನ ಹಬ್ಬಿತು, ನೆಲ್ಲಿ ಮರಗಳಿಗೆ ಉಪ್ಪಿಲು ಎಂಬ ಬದನಿಕೆ ಹತ್ತಿತು ಎಂಬುದು ಅವನ ಅಜ್ಜಿಯ ವಾದ. ಯಾವ ತಿಂಗಳು, ಗಾಳಿ ಯಾವ ದಿಕ್ಕಿಗಿದ್ದಾಗ, ಯಾವ ಮರದ ಬುಡವನ್ನು ಮೊದಲು ಗುಡಿಸಿಡಬೇಕು ಎಂಬುದನ್ನೆಲ್ಲ ಅಜ್ಜಿಯಿಂದ ಕೇಳಿ ಕೇಳಿ ಬರೆದುಕೊಂಡಿದ್ದ. ಪತ್ರಿಕೆಯೊಂದು ಅದನ್ನು ಹಿಂದಕ್ಕೆ ಕಳಿಸಿತು. ಆಧಾರ ಗ್ರಂಥಗಳಿಲ್ಲ ಎಂಬುದು ಒಂದು ಕಾರಣ, ಪ್ರಕಟಣಾ ಶುಲ್ಕ ಕಟ್ಟಿಲ್ಲ ಎಂಬುದು ಇನ್ನೊಂದು. ಸೋಲಿಗರ ಇದೇ ಮಾತನ್ನು ಗಂಭೀರವಾಗಿ ತೆಗೆದುಕೊಂಡ ಪರಿಸರ ವಿಜ್ಞಾನಿಗಳ ಲೇಖನಗಳು ಇಂಗ್ಲಿಷ್ ಪತ್ರಿಕೆಗಳಲ್ಲಿ ಬಂದಿವೆ. ಅವು ಒಳ್ಳೆಯ ಕೆಲಸಗಳೇ. ಆದರೆ ಅಜ್ಜಿಯ ಮಾತು ಪತ್ರಿಕೆಯ ಪುಟಕ್ಕೆ ಬರಬೇಕಾದರೆ ಅದು ಬೇರೆ ಯಾರದೋ ಹೆಸರಿನಲ್ಲಿ, ಬೇರೆ ಭಾಷೆಯಲ್ಲೇ ಬರಬೇಕೆ?

ಇದು ಬರೀ ಗೌರವದ ಪ್ರಶ್ನೆಯಲ್ಲ. ಬಿಳಿಗಿರಿರಂಗನಬೆಟ್ಟದ ಸೋಲಿಗರಿಗೆ 2011ರಲ್ಲಿ ಸಾಮುದಾಯಿಕ ಅರಣ್ಯ ಹಕ್ಕು ಸಿಕ್ಕಿತು. ಅವರು ಸಂಶೋಧಕರ ಜೊತೆ ಕಾಡೆಲ್ಲ ನಡೆದು ತಮ್ಮ ದೈವಗಳ ನೆಲೆಗಳನ್ನು ಗುರುತಿಸಿ ನಕ್ಷೆ ಮಾಡಿದ್ದಾರೆ. ಮುಂಡರ ಚಪ್ಪಡಿ ಕಲ್ಲಿನಂತೆ ಇಲ್ಲಿ ಈ ದೈವಗಳ ನೆಲೆಗಳೇ ಸಾಕ್ಷಿ. ಅರಣ್ಯ ಹಕ್ಕಿನ ಅರ್ಜಿ ವಿಚಾರಣೆಗೆ ಕೂರುವ ಅಧಿಕಾರಿ ಬರೆದದ್ದನ್ನು ನಂಬುತ್ತಾನೆ. ಹಾಗಾಗಿ ಯಾರು ಬರೆದರು, ಎಲ್ಲಿ ಅಚ್ಚಾಯಿತು ಎಂಬುದು ನೆಲದ ಪ್ರಶ್ನೆಯೂ ಹೌದು.

ಮೈಸೂರು ಅಥವಾ ಹಂಪಿಯ ವಿಶ್ವವಿದ್ಯಾಲಯ ಕನ್ನಡದಲ್ಲಿ ಒಂದು ಮಾನವಶಾಸ್ತ್ರ ಪತ್ರಿಕೆ ಹೊರಡಿಸಲಿ. ಬರೆಯುವವರಿಂದ ಹಣ ಪಡೆಯದೆ, ಓದುವವರಿಗೂ ಬೆಲೆಯಿಲ್ಲದೆ. ಗುಣಮಟ್ಟ ಇಳಿಯುತ್ತದೆ ಎನ್ನುವವರಿದ್ದಾರೆ. ಅವರ ಆತಂಕ ಸುಳ್ಳಲ್ಲ, ಜಾನಪದದ ಹೆಸರಿನಲ್ಲಿ ಎಲ್ಲಿಂದಲೋ ಎತ್ತಿ ಬರೆದದ್ದನ್ನು ನಾನೂ ಬೇಕಾದಷ್ಟು ಓದಿದ್ದೇನೆ. ಅದಕ್ಕೆ ದಾರಿ ಇದೆ. ಯಾವ ಪೋಡಿನಲ್ಲಿ, ಯಾವ ವರ್ಷ, ಯಾರಿಂದ, ಯಾವ ಒಪ್ಪಿಗೆಯಿಂದ ಕೇಳಿದ್ದು ಎಂಬುದನ್ನು ಲೇಖಕ ಬರೆಯಲೇಬೇಕು. ಪರಿಶೀಲಕರಲ್ಲಿ ಒಬ್ಬರು ವಿಷಯ ಬಲ್ಲ ಅಧ್ಯಾಪಕರು, ಇನ್ನೊಬ್ಬರು ಆ ಸಮುದಾಯದವರು. ಅಮೆರಿಕದ ಸೋಲ್ ಟ್ಯಾಕ್ಸ್ 1959ರಲ್ಲಿ ‘ಕರೆಂಟ್ ಆಂಥ್ರೊಪಾಲಜಿ’ ಆರಂಭಿಸಿದಾಗ ಒಂದು ರೂಢಿ ಹಾಕಿದರು: ಮುಖ್ಯ ಲೇಖನವನ್ನು ಹಲವು ವಿದ್ವಾಂಸರಿಗೆ ಕಳಿಸಿ, ಅವರ ಟೀಕೆಗಳನ್ನೂ ಲೇಖಕರ ಉತ್ತರವನ್ನೂ ಲೇಖನದ ಬೆನ್ನಿಗೇ ಅಚ್ಚು ಹಾಕುವುದು. ನಮ್ಮಲ್ಲಿ ಆ ಟೀಕೆಯ ಜಾಗ ಬರೆಸಿಕೊಂಡವರಿಗೂ ಸಿಗಬೇಕು. ಜೇನುಕುರುಬರ ಬಗ್ಗೆ ಬೆಂಗಳೂರಿನವರೊಬ್ಬರು ಬರೆದರೆ ಹಾಡಿಯ ಯಜಮಾನರಿಗೆ ಅದನ್ನು ಓದಿ ಹೇಳಿ, ಅವರು ಆಡಿದ ಮಾತನ್ನು ಅದೇ ಸಂಚಿಕೆಯಲ್ಲಿ ಹಾಕಬೇಕು.

ಮೊದಲ ಸಂಚಿಕೆಗೆ ಆ ತರಗು ಬೆಂಕಿಯ ಲೇಖನವನ್ನು ನಾನೇ ಕಳಿಸಿಕೊಡುತ್ತೇನೆ. ಅಜ್ಜಿಯ ಹೆಸರು ಲೇಖಕರ ಸಾಲಿನಲ್ಲಿ ಮೊಮ್ಮಗನ ಹೆಸರಿನ ಜೊತೆಗಿರಲಿ, ಅರಣ್ಯ ಇಲಾಖೆಯವರಿಗೆ ಆಕ್ಷೇಪವಿದ್ದರೆ ಅದೂ ಲೇಖನದ ಕೆಳಗೇ ಅಚ್ಚಾಗಲಿ.